ಸಾಲಲ್ಲಿ ನಿಂತ ಹಿರಿಯರ ಹೃದಯಕ್ಕೆ ಏನಾಗುತ್ತೆ?

ವಯಸ್ಸಾದವರು ಎದ್ದ ಕೂಡಲೇ ಕಣ್ಣು ಕತ್ತಲಾಯ್ತು ಅಂದರೆ ನಾವು ‘ನಿಶ್ಶಕ್ತಿ’ ಅಂತ ಹೇಳಿ ಸುಮ್ಮನಾಗ್ತೀವಿ. ಅನೇಕ ಸಲ ಅದು ಶಕ್ತಿಯ ವಿಷಯವೇ ಅಲ್ಲ, ಹೃದಯದ ಪ್ರತಿವರ್ತನೆಯ ವಿಷಯ.

ಯಾರೇ ಎದ್ದು ನಿಂತರೂ ಅರ್ಧದಿಂದ ಒಂದು ಲೀಟರಿನಷ್ಟು ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತೆ. ಕುತ್ತಿಗೆಯ ಕೆರೋಟಿಡ್ ಅಪಧಮನಿಯಲ್ಲಿ, ಎದೆಯ ಮಹಾಪಧಮನಿಯ ಬಾಗಿನಲ್ಲಿ ಒತ್ತಡ ಗ್ರಹಿಸುವ ನರತುದಿಗಳಿವೆ. ಗೋಡೆ ಎಷ್ಟು ಹಿಗ್ಗಿತು ಅನ್ನೋದೇ ಅವುಗಳ ಅಳತೆಗೋಲು. ಹಿಗ್ಗು ಕಡಿಮೆಯಾದರೆ ಮಿದುಳಿಗೆ ಸುದ್ದಿ ಹೋಗುತ್ತೆ. ವೇಗಸ್ ನರ ಬ್ರೇಕ್ ಸಡಿಲಿಸುತ್ತೆ, ಹೃದಯದ ಬಡಿತ ಏರುತ್ತೆ, ರಕ್ತನಾಳಗಳು ಬಿಗಿಯಾಗುತ್ತವೆ. ಇಪ್ಪತ್ತರ ಹರೆಯದಲ್ಲಿ ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ, ನಮಗೆ ಗೊತ್ತೂ ಆಗಲ್ಲ.

ವಯಸ್ಸಾದಂತೆ ಅಪಧಮನಿಯ ಗೋಡೆ ಪೆಡಸಾಗುತ್ತೆ. ಹಿಗ್ಗದ ಗೋಡೆಯಲ್ಲಿ ಕೂತ ನರತುದಿಗೆ ಒತ್ತಡದ ಏರಿಳಿತ ಸರಿಯಾಗಿ ತಿಳಿಯಲ್ಲ. ತಿಳಿದು ಸುದ್ದಿ ಕಳಿಸಿದರೂ, ಅಡ್ರಿನಲಿನ್ ಮಾತಿಗೆ ಹೃದಯ ಮುಂಚಿನಷ್ಟು ಓಗೊಡಲ್ಲ. ಹಾಗಾಗಿ ಬಿಪಿ ಬಿದ್ದರೂ ನಾಡಿಬಡಿತ ಏರೋದು ಕಮ್ಮಿ. ನಿಂತ 3 ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ವೈದ್ಯರು ಅದನ್ನು ಸಮಸ್ಯೆ ಅಂತ ಪರಿಗಣಿಸ್ತಾರೆ. ಬಿಪಿ ಮತ್ತು ಪ್ರಾಸ್ಟೇಟ್‌ನ ಕೆಲವು ಮಾತ್ರೆಗಳು, ಸಕ್ಕರೆ ಕಾಯಿಲೆ, ಬಿಸಿಲು, ಹೊಟ್ಟೆತುಂಬ ಊಟ, ಎಲ್ಲವೂ ಇದನ್ನು ಹೆಚ್ಚಿಸಬಲ್ಲವು. ಆದರೆ ಸಾಮಾನ್ಯವಾಗಿ ಬಿಪಿ ನೋಡೋದು ಕೂರಿಸಿಯೇ! ಮಲಗಿಸಿ, ಆಮೇಲೆ ನಿಲ್ಲಿಸಿಯೂ ನೋಡಿ ಅಂತ ಡಾಕ್ಟರನ್ನು ಕೇಳಿ. ಮಾತ್ರೆಯನ್ನು ಮಾತ್ರ ನೀವಾಗೇ ಬಿಡಿಸಬೇಡಿ.

ರಾಜಕೀಯ ಚರ್ಚಿಸೋ ನಿಮಗೆ ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಆಡಳಿತಕ್ಕೆ ಗೊತ್ತಿರೋ ಅತಿ ಅಗ್ಗದ ಉಪಾಯ ಸಾಲು. ಪಡಿತರ, ಪಿಂಚಣಿ, ಮತಗಟ್ಟೆ. 2016ರ ನೋಟು ರದ್ದತಿಯಂತೂ ಇಡೀ ದೇಶವನ್ನೇ ನಿಲ್ಲಿಸಿತು. ನಡೆಯುವಾಗ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತೆ. ಸುಮ್ಮನೆ ನಿಂತರೆ ಆ ಪಂಪೂ ಬಂದ್. ಅಂದರೆ ನಡೆಯಬಲ್ಲವರೂ ಸಾಲಲ್ಲಿ ಕುಸಿಯಬಹುದು.

2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಆ ಮಿತಿ 85ಕ್ಕೆ ಏರಿತು. 82ರ ಅಜ್ಜಿಯ ಅಪಧಮನಿ ಆ ಒಂದು ವರ್ಷದಲ್ಲಿ ಮೆತ್ತಗಾಗಿರಲಿಲ್ಲ. ವಯಸ್ಸಿನ ಮಿತಿ ಎಷ್ಟೇ ಇರಲಿ, ಟೋಕನ್, ನೆರಳು, ನೀರು, ಕುರ್ಚಿ ಕೇಳೋದು ದಾಕ್ಷಿಣ್ಯದ ಮಾತಲ್ಲ, ಹಕ್ಕಿನ ಮಾತು. ಮತಗಟ್ಟೆಯಲ್ಲೋ ಸಭೆಯಲ್ಲೋ ನೀವು ಸ್ವಯಂಸೇವಕರಾಗಿದ್ದರೆ, ಹಿರಿಯರು ಏಳುವ ಮುಂಚೆ ಎರಡು ಸಲ ಪಾದ ಆಡಿಸಲಿ, ಎದ್ದ ಮೇಲೆ ಅರ್ಧ ನಿಮಿಷ ಏನನ್ನಾದರೂ ಹಿಡಿದು ನಿಲ್ಲಲಿ. ‘ಬೇಗ ಬನ್ನಿ’ ಅಂತ ಕೂಗಬೇಡಿ.