ಗುಳೇದಗುಡ್ಡದ ಮಗ್ಗದ ಮನೆಗಳು

ಮಳೆ ಕೈಕೊಟ್ಟ ವರುಷ ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲಿ 'ಗುಳೇ ಹೋಗುವುದು' ಎಂಬ ಮಾತುಂಟು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೊಟಿಕ್ಸ್ ಕಾರಖಾನೆ ಸ್ಥಾಪನೆಯಾಗಿ, ಮುಂದೆ ಚಿಂಚವಾಡ, ಭೋಸರಿಗಳ ಬಯಲು ಔದ್ಯೋಗಿಕ ವಸಾಹತಾದಾಗ ಇತ್ತ ಬಂದ ನಮ್ಮ ಹಿರಿಯರಲ್ಲಿ ಹಲವರು ಈ ಮಾತನ್ನು ಗಂಟಿನಲ್ಲಿ ಕಟ್ಟಿಕೊಂಡೇ ಬಂದವರು. ಇಂತಹ ನಮಗೆ, 'ಗುಳೇ' ಎಂಬುದನ್ನು ಹೆಸರಿನಲ್ಲಿಯೇ ಹೊತ್ತ ಊರೊಂದು ಕನ್ನಡನಾಡಿನಲ್ಲಿ ಇರುವುದು ಕುತೂಹಲದ ಸಂಗತಿಯಲ್ಲವೆ? ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವೇ ಆ ಊರು. ಗುಳೇ ಬಂದವರ ಗುಡ್ಡವೆಂದು ಹೆಸರಿಗೆ ಅರ್ಥ ಹೇಳುತ್ತಾರೆ.

ಬಾದಾಮಿಗೆ ಹೋಗುವ ನಮ್ಮ ಜನ ಗುಹೆಗಳನ್ನು ನೋಡಿ, ಪಟ್ಟದಕಲ್ಲು, ಐಹೊಳೆಗಳಿಗೆ ಮುಖ ಮಾಡಿ ಹಿಂದಿರುಗುವುದು ವಾಡಿಕೆ. ಅದೇನು ತಪ್ಪಲ್ಲ. ಮೂರನೆಯ ಗುಹೆಯಲ್ಲಿ 578ರ ಶಾಸನ ಇರುವಾಗ ಯಾರು ತಾನೆ ನೋಡದೆ ಬಂದಾರು! ಆದರೆ ಅಲ್ಲಿಂದ ಈಶಾನ್ಯಕ್ಕೆ ಒಂದು ಗಂಟೆಯೊಳಗಿನ ಹಾದಿಯಲ್ಲಿ, ಅದೇ ಕೆಂಗಲ್ಲಿನ ಗುಡ್ಡಗಳ ಮಗ್ಗುಲಲ್ಲಿರುವ ಈ ಊರನ್ನು ಕೇಳುವವರಿಲ್ಲ. ರಾಜರ ಕೆಲಸವನ್ನು ಇತಿಹಾಸವೆಂದೂ ಕೈಕಸುಬನ್ನು ಬರಿಯ ಹೊಟ್ಟೆಪಾಡೆಂದೂ ಎಣಿಸುವ ರೂಢಿ ನಮ್ಮದು.

ಗುಳೇದಗುಡ್ಡದ ಕೋಟೆಯನ್ನು 1580ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಅಧಿಕಾರಿಯಾದ ಸಿಂಗಪ್ಪ ನಾಯಕ ದೇಸಾಯಿ ಕಟ್ಟಿಸಿದನು. ಈಗಿನ ಊರು ನೆಲೆಗೊಂಡುದು 1706ರಲ್ಲಿ, ಬತ್ತಿಹೋದ ಕೆರೆಯೊಂದರ ಅಂಗಳದಲ್ಲಿ. ಆಮೇಲಿನ ನೂರು ವರುಷ ಸುಖದ್ದಲ್ಲ. 1787ರಲ್ಲಿ ಟೀಪುವಿನ ಸೈನ್ಯ ಸೂರೆ ಮಾಡಿದಾಗ ಜನ ಊರು ತೊರೆದರು. ಮರಾಠಾ ಸರದಾರ ರಾಸ್ತೆಯ ಪ್ರೇರಣೆಯಿಂದ ದೇಸಾಯಿ ಮತ್ತೆ ಜನರನ್ನು ಕೂಡಿಸಿದನು. ನಮ್ಮ ಪುಣೆಯ ರಾಸ್ತಾಪೇಠೆಗೆ ಹೆಸರು ಬಂದುದು ಇದೇ ರಾಸ್ತೆ ಮನೆತನದಿಂದ. ಪುನಃ ಲೂಟಿಯಾಯಿತು, ಪುನಃ ಊರು ಬರಿದಾಯಿತು. 1818ರಲ್ಲಿ ಇಂಗ್ಲಿಷರ ಸೇನಾನಿ ಮನ್ರೋ ಈ ಸೀಮೆಯನ್ನು ಗೆದ್ದ ಮೇಲೆ ದೇಸಾಯಿಯ ಮುಖಾಂತರ ಜನರಿಗೆ ಧೈರ್ಯ ಹೇಳಿಸಿ ಹಿಂದಕ್ಕೆ ಕರೆಸಿದನು. ಕಲ್ಲಿನ ಕೋಟೆ ಊರನ್ನು ಕಾಯಲಿಲ್ಲ. ಹಿಂದಿರುಗಿದವರ ಹೊಟ್ಟೆಯನ್ನು ಹೊರೆದುದು ಮಗ್ಗ.

ಆ ಮಗ್ಗದಲ್ಲಿ ಹುಟ್ಟುವ ಅರಿವೆಯೇ ಖಣ. ನಮ್ಮ ತಾಯಂದಿರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಇಳಕಲ್ಲಿನ ಸೀರೆಗೆ ಗುಳೇದಗುಡ್ಡದ ಖಣವೇ ಜೊತೆ. ಪುಣೆಯ ಮನೆಗಳಲ್ಲಿ ಖಣ ಮತ್ತು ತೆಂಗಿನಕಾಯಿ ಇಟ್ಟು 'ಓಟಿ' ತುಂಬುವುದೂ ನಾವು ಉಡಿ ತುಂಬುವುದೂ ಒಂದೇ ಪದ್ಧತಿ. 1956ರ ನವೆಂಬರ್ 1ರವರೆಗೆ ಆಗಿನ ವಿಜಾಪುರ ಜಿಲ್ಲೆಯೂ ಪುಣೆಯೂ ಮುಂಬಯಿ ಆಡಳಿತದ ಒಂದೇ ಪ್ರಾಂತದಲ್ಲಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. ಗುಡ್ಡದ ಅರಿವೆ ಮರಾಠಿ ಸೀಮೆಯ ಪೇಟೆಗಳಿಗೆ ಬರುವ ದಾರಿ ಹಳೆಯದು. ನಮ್ಮ ಕಾರಖಾನೆಯ ದಾರಿ ಅದಕ್ಕಿಂತ ಈಚಿನದು.

ಕಳೆದ ಬೇಸಗೆಯಲ್ಲಿ ನಾವು ಕೆಲವು ಕುಟುಂಬದವರು ಕೂಡಿ ಅಲ್ಲಿಗೆ ಹೋಗಿದ್ದೆವು. ಹಳೆಯ ಓಣಿಗಳ ಮನೆಗಳು ಕಲ್ಲು ಮಣ್ಣಿನವು. ಗೋಡೆ ದಪ್ಪ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಬೆಳಕಿಂಡಿ. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ತಂಪು. ಮನೆಯೊಳಗೇ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿರುತ್ತಾರೆ. ನೇಕಾರನು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಅವನ ಮಡಿಲಿಗೆ ಸಮನಾಗಿ ಅರಿವೆ ಬೆಳೆಯುತ್ತದೆ. ಒಂದು ಮೂಲೆಯಲ್ಲಿ ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತಾರೆ, ಆಚೆ ಒಲೆಯ ಮೇಲೆ ಅನ್ನ. ಮಗ್ಗ ಎಲ್ಲಿ ಮುಗಿದು ಮನೆ ಎಲ್ಲಿ ಆರಂಭವಾಗುವುದೆಂದು ಗೆರೆ ಎಳೆಯಲಾಗದು.

ಖಣದ ಗುಟ್ಟು ಹಾಸಿನಲ್ಲಿದೆ. ನೆಲದ ಹಾಸಲ್ಲದೆ ಚಿತ್ತಾರಕ್ಕಾಗಿ ಬೇರೆ ಎಳೆಗಳ ಹೆಚ್ಚಿನ ಹಾಸೊಂದು ಇರುತ್ತದೆ. ಬೇಕಾದ ಎಳೆಗಳನ್ನಷ್ಟೆ ಎತ್ತಿ ಲಾಳಿ ಹಾಯಿಸಿದಾಗ ಹೂವು ಸಾಲುಸಾಲಾಗಿ ಮೂಡುತ್ತದೆ. ಹಾಸಿಗೊಂದು ಹೊಕ್ಕಿಗೊಂದು ಬಣ್ಣ ಹಾಕಿದರೆ ಅರಿವೆಯನ್ನು ಹೊರಳಿಸಿದಂತೆ ನೆರಳು ಬಿಸಿಲಿನ ಹಾಗೆ ಮಿಂಚುತ್ತದೆ. ಚಿತ್ತಾರಗಳ ಹೆಸರುಗಳೂ ಸೊಗಸು: ತೇರು, ಆನೆಹೆಜ್ಜೆ, ಸೂರ್ಯನಾರಾಯಣ, ಸಿದ್ಧೇಶ್ವರ ಮುಕುಟ. ಜಾತ್ರೆಯಲ್ಲಿ ಕಂಡುದನ್ನು ಬೆನ್ನ ಮೇಲಿನ ಕುಪ್ಪಸಕ್ಕೆ ಇಳಿಸಿದವರಿಗೆ ಯಾವ ಕಲಾಶಾಲೆಯೂ ಕಲಿಸಿರಲಿಲ್ಲ.

ಈಗ ಓಣಿಯುದ್ದಕ್ಕೂ ಆ ಸಪ್ಪಳ ಕೇಳಿಸುವುದಿಲ್ಲ. ಗಿರಣಿಯ ಅಗ್ಗದ ಕುಪ್ಪಸದ ಬಟ್ಟೆ ಬಂದು ಖಣದ ಬೇಡಿಕೆ ಕುಸಿಯಿತು. ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ, ಸಂತೋಷ. ಈಚಿನ ವರುಷಗಳಲ್ಲಿ ಪುಣೆ ಮುಂಬಯಿಗಳಲ್ಲಿ ಖಣದ ಸೀರೆ, ಖಣದ ಚೀಲಗಳ ಹುರುಪೂ ಎದ್ದಿದೆ. ಆದರೆ ಅದರಲ್ಲಿ ಬಹುಪಾಲು ಯಂತ್ರಮಗ್ಗದ ಸರಕು. ಕುಣಿಮಗ್ಗದವನಿಗೆ ಅದರ ಪಾಲು ಮುಟ್ಟುವುದು ಕಡಿಮೆ. ಕಂಡಿಕೆ ಸುತ್ತುತ್ತಿದ್ದ ಹಿರಿಯ ತಾಯಿಯೊಬ್ಬರು, ನಾವು ಪುಣೆಯ ಕಡೆಯವರೆಂದು ತಿಳಿದು, "ನಿಮ್ಮ ಕಡೆ ಇನ್ನೂ ಉಡಿ ತುಂಬ್ತಾರಲ್ಲರೀ? ಖಣ ಎಲ್ಲಿಂದ ತರತೀರಿ?" ಎಂದರು. ತುಂಬುತ್ತಾರೆ ಎಂದೆವು. ಎರಡನೆಯ ಪ್ರಶ್ನೆಗೆ ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಇಬ್ಬರು ಗಂಡುಮಕ್ಕಳೂ ಕೆಲಸಕ್ಕೆ ಊರು ಬಿಟ್ಟಿದ್ದಾರೆ. ಮನೆಯಲ್ಲಿರುವ ಎರಡು ಮಗ್ಗಗಳಲ್ಲಿ ಒಂದರ ಕುಣಿಗೆ ಹಲಗೆ ಮುಚ್ಚಿ ಕಾಳಿನ ಚೀಲ ಇಟ್ಟಿದ್ದರು.

ಹೋಗಬಯಸುವವರು ಸೊಲ್ಲಾಪುರ, ವಿಜಯಪುರಗಳ ಮೇಲೆ ಗದಗಿಗೆ ಹೋಗುವ ರೈಲಿನ ದಾರಿ ಹಿಡಿಯಬೇಕು. ಗುಳೇದಗುಡ್ಡ ರೋಡ್ ಎಂಬ ನಿಲ್ದಾಣ ಊರಿಗೆ ದೂರ. ಬಾಗಲಕೋಟೆ ಇಲ್ಲವೆ ಬಾದಾಮಿಯಲ್ಲಿ ಇಳಿದು ಬಸ್ಸು ಹಿಡಿಯುವುದು ಅನುಕೂಲ. ಖಣವನ್ನು ನೇಯುವವರ ಮನೆಯಲ್ಲಿಯೇ ಕೇಳಿ ಕೊಳ್ಳಬಹುದು.