ಸಾಕ್ಷಿಯಿಲ್ಲದ ಚಿತ್ರಗಳ ಮುಂದೆ: ಕಪ್ಪಗಲ್ಲು ಬೆಟ್ಟದ ಬಂಡೆಗಳು

ಬಳ್ಳಾರಿ ಸಮೀಪದ ಕಪ್ಪಗಲ್ಲು ಬೆಟ್ಟದ ಬಂಡೆಗಳಲ್ಲಿ ಡುಬ್ಬದ ಹೋರಿಗಳನ್ನೂ ಮನುಷ್ಯರನ್ನೂ ಕುಟ್ಟಿ ಮೂಡಿಸಿದ್ದಾರೆ, ಬಹುಪಾಲು ನವಶಿಲಾಯುಗದವು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ದಕ್ಷಿಣ ಆಫ್ರಿಕದ ಸಾನ್ ಬೇಟೆಗಾರರ ಚಿತ್ರಗಳಂತೆ ಇವೂ ಪರವಶತೆಯ ಆರಾಧನೆಗೆ ಸೇರಿದವೆಂದು ಹೇಳಿಬಿಡುವ ಆಸೆ ನಮಗೆ ಸಹಜ. ಆದರೆ ಸಾನ್ ಚಿತ್ರಗಳ ಎಲ್ಯಾಂಡ್ ಹುಲ್ಲೆಯಲ್ಲಿ ಡೇವಿಡ್ ಲೂಯಿಸ್-ವಿಲಿಯಮ್ಸ್ ಅಲೌಕಿಕ ಶಕ್ತಿಯನ್ನು ಗುರುತಿಸಿದ್ದಕ್ಕೆ, 1870ರ ದಶಕದಲ್ಲಿ ವಿಲ್ಹೆಲ್ಮ್ ಬ್ಲೀಕ್ ಮತ್ತು ಲೂಸಿ ಲಾಯ್ಡ್ ಬರೆದುಕೊಂಡ ಸಾನ್ ಜನರ ಮಾತುಗಳೇ ಆಧಾರ. ಕಪ್ಪಗಲ್ಲಿಗೆ ಅಂಥ ಸಾಕ್ಷಿಗಳಿಲ್ಲ. ಸಮುದಾಯದ ನೆನಪಿಲ್ಲದಿದ್ದರೆ ರೋಮಿನ ಭೂಗತ ಸಮಾಧಿಗಳ ಮೀನೂ ಬರಿಯ ಮೀನೇ. ಅದರಲ್ಲಿ ಕ್ರಿಸ್ತರನ್ನು ಕಾಣಲು ನಮಗೆ ಕಲಿಸಿದ್ದು ಪರಂಪರೆ. ಆದ್ದರಿಂದ ಮೂಕ ಕಲ್ಲಿನ ಮೇಲೆ ನಮ್ಮ ಅರ್ಥವನ್ನು ಹೊರಿಸುವುದೂ, ಅದನ್ನು ಅರ್ಥಹೀನವೆಂದು ತಳ್ಳುವುದೂ ಸಲ್ಲದು. ಕಲ್ಲುಗಣಿಗಾರಿಕೆ ಆ ಬೆಟ್ಟವನ್ನು ಈಗಾಗಲೇ ಗಾಯಗೊಳಿಸಿದೆ. ಕೇಳುವ ಮೊದಲು ಉಳಿಸಬೇಕು. ದೈವಶಾಸ್ತ್ರದ ವಿನಯ ಅಲ್ಲಿಂದಲೇ ಆರಂಭ.