ಕಾರ್ಬೇಟ್ರು ಪುರಾಣ

ಅಪ್ಪನ ಯೆಜ್ಡಿ ನಾಲ್ಕು ಕಿಲೋಮೀಟರ್ ಓಡಿ ನಿಂತುಬಿಡುತ್ತಿತ್ತು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಊರಿಂದ ಹೊರಟು ನಾಲೆ ಏರಿ ದಾಟಿ ಆಲೆಮನೆ ಹತ್ತಿರ ಬರೋ ಹೊತ್ತಿಗೆ ಮೊದಲು ಪಿಕಪ್ ಹೋಗುತ್ತಿತ್ತು, ಆಮೇಲೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಮತ್ತೆ ನಾಲ್ಕು ಕಿಲೋಮೀಟರ್.

ಅಪ್ಪನಿಗೆ ಎಪ್ಪತ್ತಾಗಿದೆ. ಎರಡು ಸಲ ಆ ಗಾಡಿಯನ್ನು ತಳ್ಳಿಕೊಂಡು ಮನೆಗೆ ಬಂದ ಮೇಲೆ ‘ಕೊಟ್ಬುಡಾನ ಬುಡು’ ಅಂದರು. ಬೆಂಗಳೂರಿನವರೊಬ್ಬರು ಆಗಲೇ ಒಳ್ಳೆ ರೇಟು ಹೇಳಿ ಹೋಗಿದ್ದರು. ಗೌರಿ ಹಬ್ಬದವರೆಗೆ ಟೈಮ್ ಕೊಡಿ ಅಂತ ನಾನೇ ಕೇಳಿಕೊಂಡೆ. ಆ ಟ್ಯಾಂಕಿನ ಮೇಲೆ ಕೂತು ನಾನು ಅಂಗನವಾಡಿಗೆ ಹೋಗಿದ್ದೀನಿ. ಹೆರಿಗೆಗೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೂ ಅದೇ ಗಾಡಿಯಲ್ಲಂತೆ. ಅಲ್ಲದೆ ನಾನು ಬಿಇ ಮಾಡಿರೋನು, ಹತ್ತು ವರ್ಷದಿಂದ ಬೇರೆಯವರ ಕೋಡಿನಲ್ಲಿ ಬಗ್ ಹುಡುಕಿಯೇ ಹೊಟ್ಟೆ ಹೊರೀತಿರೋನು. ಅಂಗೈಯಲ್ಲಿ ಹಿಡಿಸೋ ಒಂದು ಕಾರ್ಬೊರೇಟರ್ ನನಗೆ ಬಗ್ಗದೆ ಇರುತ್ತಾ?

ಮೂರು ಶನಿವಾರ ಮೂರು ಸಲ ಬಿಚ್ಚಿದೆ. ಫ್ಲೋಟ್ ಇರುವ ಬಟ್ಟಲಿನ ತಳದಲ್ಲಿ ಹಸಿರುಬಿಳಿ ಬಣ್ಣದ ಗಸಿ ಕೂತಿತ್ತು, ಅದನ್ನು ತೊಳೆದೆ. ಜೆಟ್ ಅಂತ ಕರೆಯೋ ಸಣ್ಣ ಹಿತ್ತಾಳೆ ತಿರುಪಿನ ತೂತಿಗೆ ಅಮ್ಮನ ಹೊಲಿಗೆ ಸೂಜಿ ತೂರಿಸಿ ಚೆನ್ನಾಗಿ ತಿರುಗಿಸಿ ಕ್ಲೀನ್ ಮಾಡಿದೆ. ಗಾಡಿ ನಾಲ್ಕೇ ಕಿಲೋಮೀಟರಿಗೆ ನಿಂತಿತು. ಜತೆಗೆ ಈಗ ಮೊದಲಿಗಿಂತ ಜಾಸ್ತಿ ಹೊಗೆ ಬೇರೆ.

ಸೂಜಿ ಅಂದೆನಲ್ಲ, ಅದಕ್ಕೊಂದು ಹಳೇ ಕಥೆ ಇದೆ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಹೆಣ್ಣುಮಗಳು ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ಮಾಡಿದ್ದ ಮೂರು ಚಕ್ರದ ಮೋಟಾರು ಗಾಡಿ ಹತ್ತಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಜ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಪೆಟ್ರೋಲ್ ಬಂಕ್ ಅನ್ನೋದು ಇನ್ನೂ ಹುಟ್ಟೇ ಇರಲಿಲ್ಲ. ವೀಸ್‌ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ದ್ರಾವಣ ಕೊಂಡು ಗಾಡಿಗೆ ಹುಯ್ದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸಿದ್ದ ಉದ್ದನೆ ಪಿನ್ನಿನಿಂದ ಚುಚ್ಚಿ ಬಿಡಿಸಿದಳು ಎನ್ನುತ್ತಾರೆ. ಇಂಧನ ಕಟ್ಟಿಕೊಂಡು ರಸ್ತೆ ಬದಿ ನಿಂತವರೆಲ್ಲ ಆ ತಾಯಿಗೆ ಒಂದು ನಮಸ್ಕಾರ ಹಾಕಬೇಕು.

ಅವಳ ಗಾಡಿಯಲ್ಲಿದ್ದ ಕಾರ್ಬೊರೇಟರ್ ಈಗಿನದರ ಹಾಗಿರಲಿಲ್ಲ. ಡಬ್ಬಿಯಲ್ಲಿ ಇಂಧನ ನಿಂತಿರುತ್ತಿತ್ತು, ಅದರ ಮೇಲೆ ಗಾಳಿ ಹಾದು ಹೋಗುವಾಗ ಆವಿಯನ್ನು ಹೊತ್ತು ಇಂಜಿನ್‌ಗೆ ಹೋಗುತ್ತಿತ್ತು. ಬಿಸಿಲಿದ್ದರೆ ಆವಿ ಜಾಸ್ತಿ, ಚಳಿಗೆ ಕಮ್ಮಿ. ಹಗುರ ಅಂಶವೆಲ್ಲ ಮೊದಲು ಹಾರಿಹೋಗಿ ಕೊನೆಗೆ ಹತ್ತದ ಗಸಿ ಉಳಿಯುತ್ತಿತ್ತು. ಇದಕ್ಕೆ ಪರಿಹಾರ ಎರಡು ಕಡೆಯಿಂದ ಹೆಚ್ಚುಕಮ್ಮಿ ಒಟ್ಟಿಗೇ ಬಂತು. 1893ರ ಫೆಬ್ರವರಿಯಲ್ಲಿ ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ ಪೇಟೆಂಟ್ ಮಾಡಿಸಿದರು. ಅದೇ ವರ್ಷ ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ಕೂಡ. ಈ ಮೇಬಾಕ್ 1885ರಲ್ಲಿ ಡೈಮ್ಲರ್ ಜತೆ ಸೇರಿ ಮರದ ಚೌಕಟ್ಟಿನ ಮೋಟಾರು ಸೈಕಲ್ ಮಾಡಿದವನು. ಹಂಗೇರಿಯವರಿಗೆ ಈ ಉಪಾಯ ಹೊಳೆದದ್ದು, ಬೀದಿಯಲ್ಲಿ ಹೂ ಮಾರುವ ಹುಡುಗಿ ಕೊಳವೆ ಊದಿ ಹೂವಿನ ಮೇಲೆ ನೀರು ಸಿಂಪಡಿಸುತ್ತಿದ್ದುದನ್ನು ನೋಡಿ ಅಂತ ಒಂದು ಕಥೆ. ನಿಜವೋ ಸುಳ್ಳೋ, ಚೆನ್ನಾಗಿದೆ.

ನಮ್ಮ ಕಡೆ ತಿಗಣೆ, ಸೊಳ್ಳೆಗೆ ಹೊಡೀತಿದ್ದ ಫ್ಲಿಟ್ ಪಂಪು ನೆನಪಿದೆಯಾ? ಮುಂದೆ ಔಷಧಿ ಡಬ್ಬಿ, ಅದರಿಂದ ಮೇಲೆದ್ದ ಸಣ್ಣ ನಳಿಗೆ, ನಳಿಗೆಯ ಬಾಯಿಗೆ ಅಡ್ಡಲಾಗಿ ಗಾಳಿ ಊದಿದರೆ ಔಷಧಿ ತಾನೇ ಮೇಲೆದ್ದು ತುಂತುರಾಗುತ್ತೆ. ಕಾರ್ಬೊರೇಟರ್ ಅಂದರೆ ಅಷ್ಟೇ. ಪಂಪು ಒತ್ತುವ ಕೈಯ ಬದಲು ಪಿಸ್ಟನ್ ಗಾಳಿಯನ್ನು ಎಳೆಯುತ್ತೆ. ನಡುವೆ ಕೊಳವೆಯ ಸೊಂಟ ಸಣ್ಣ ಮಾಡಿರುತ್ತಾರೆ, ಅಲ್ಲಿ ಗಾಳಿ ಓಡಿ ಒತ್ತಡ ಬೀಳುತ್ತೆ, ಜೆಟ್ ಮೂಲಕ ಪೆಟ್ರೋಲ್ ಮೇಲೆ ಬರುತ್ತೆ. ಈ ಸಣ್ಣ ಸೊಂಟಕ್ಕೆ ವೆಂಚುರಿ ಅಂತ ಹೆಸರು. ಅದರ ಬಗ್ಗೆ ಬರೆದ ಇಟಲಿಯ ವೆಂಚುರಿ 1797ರವನು, ಪಾಪ ಅವನು ಮೋಟಾರು ಸೈಕಲ್ ಕನಸಿನಲ್ಲೂ ಕಂಡಿರಲಾರ.

ಕೆಲಸ ಸುಲಭ, ಅಳತೆ ಕಷ್ಟ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಡಿ ನಿಂತಲ್ಲೇ ಗುರುಗುಟ್ಟುವಾಗ, ಸಂತೆಯ ಜನದ ನಡುವೆ ಹೋಗುವಾಗ, ಹೈವೇಯಲ್ಲಿ ತಿರುಚುವಾಗ, ಎಲ್ಲ ಹೊತ್ತಿನಲ್ಲೂ ಲೆಕ್ಕ ಹೆಚ್ಚುಕಮ್ಮಿ ಅದೇ ಸುತ್ತಮುತ್ತ ಇರಬೇಕು. ಮೊದಮೊದಲಿನ ಬೈಕುಗಳಲ್ಲಿ ಈ ಲೆಕ್ಕ ಸವಾರನ ತಲೆಗೇ ಕಟ್ಟಿದ್ದರು. ಹ್ಯಾಂಡಲ್ ಮೇಲೆ ಎರಡು ಲಿವರ್, ಒಂದು ಥ್ರಾಟಲ್‌ಗೆ, ಇನ್ನೊಂದು ಗಾಳಿಗೆ. ಏರು ಬಂದರೆ ಒಂದು ಥರ, ಇಳಿಜಾರಿಗೆ ಇನ್ನೊಂದು ಥರ ಆಡಿಸಿಕೊಂಡೇ ಹೋಗಬೇಕಿತ್ತು. ಮುಂದೆ ಒಳಗೆ ಮೇಲೆ ಕೆಳಗೆ ಓಡಾಡುವ ಸ್ಲೈಡ್, ಅದಕ್ಕೆ ನೇತುಬಿದ್ದ ಚೂಪು ನೀಡಲ್, ನಿಧಾನಕ್ಕೊಂದು ಜೆಟ್, ವೇಗಕ್ಕೊಂದು ಜೆಟ್ ಹೀಗೆ ಬೆಳೆಯುತ್ತಾ ಹೋಯಿತು. 1927ರಲ್ಲಿ ಬ್ರಿಟನ್ನಿನ ಮೂರು ಕಾರ್ಬೊರೇಟರ್ ಕಂಪನಿಗಳು ಒಂದಾಗಿ ಅಮಾಲ್ ಆಯಿತು. ನಮ್ಮ ಹಳೇ ಬುಲೆಟ್‌ನವರ ಬಾಯಲ್ಲಿ ಈಗಲೂ ಓಡಾಡುವ ಹೆಸರು.

ಮೈಸೂರಿಗೆ ಈ ವಿದ್ಯೆ ಬೇರೆ ದಾರಿಯಿಂದ ಬಂತು. ಐಡಿಯಲ್ ಜಾವಾ ಕಂಪನಿ 1960ರ ಸುಮಾರಿಗೆ ಯಾದವಗಿರಿಯಲ್ಲಿ ಶುರುವಾಯಿತು. ಜಾವಾ ಚೆಕ್ ದೇಶದ್ದು, ಯಾನೆಚೆಕ್ ಮತ್ತು ವಾಂಡರರ್ ಎಂಬೆರಡು ಹೆಸರಿನ ಮೊದಲಕ್ಷರಗಳು ಸೇರಿ ಜಾವಾ. ಅದರ ಜತೆಗೆ ಬಂದದ್ದು ಜಿಕೋವ್ ಎಂಬ ಚೆಕ್ ಕಾರ್ಬೊರೇಟರ್. ಮುಂದೆ ಇಲ್ಲಿಯ ಗಾಡಿಗಳಿಗೆ ಯೆಜ್ಡಿ ಅಂತ ಹೆಸರು ಬಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ ಮೈಸೂರು, ಮಂಡ್ಯ, ಹಾಸನದ ಕಡೆ ಪ್ರತಿ ಹೋಬಳಿಯಲ್ಲೂ ಕಣ್ಣು ಮುಚ್ಚಿಕೊಂಡು ಜಿಕೋವ್ ಬಿಚ್ಚಿ ಕೂರಿಸುವ ಒಬ್ಬನಾದರೂ ಮೇಸ್ತ್ರಿ ತಯಾರಾಗಿದ್ದ. ಇವರು ಯಾವ ಕಾಲೇಜಿಗೂ ಹೋದವರಲ್ಲ. ಹತ್ತು ಹನ್ನೆರಡು ವರ್ಷಕ್ಕೇ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡೋಕೆ ಸೇರಿದವರು.

ಈ ಮೇಸ್ತ್ರಿಗಳ ಬಗ್ಗೆ ನನಗೆ ತಡವಾಗಿ ಹೊಳೆದ ಒಂದು ವಿಷಯ ಇದೆ. ಕಾರ್ಬೊರೇಟರ್ ಒಂಥರಾ ಹಿತ್ತಾಳೆಯ ಕಂಪ್ಯೂಟರ್. ಗಾಳಿಯ ವೇಗ ಇನ್‌ಪುಟ್, ಪೆಟ್ರೋಲ್ ಔಟ್‌ಪುಟ್. ಆದರೆ ತಾನು ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ಅದಕ್ಕೆ ಗೊತ್ತಾಗೋ ದಾರಿಯೇ ಇಲ್ಲ. ಮುಳ್ಳಯ್ಯನಗಿರಿ ಮೇಲೆ ಗಾಳಿ ತೆಳುವಾದರೂ ಅದು ಮಂಗಳೂರಿನ ಲೆಕ್ಕದಲ್ಲೇ ಪೆಟ್ರೋಲ್ ಬಡಿಸುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಫೀಡ್‌ಬ್ಯಾಕ್ ಅಂತೀವಲ್ಲ, ಅದು ಮೇಸ್ತ್ರಿಯ ಕಿವಿ, ಮೂಗು, ಅಂಗೈ. ನಾವು ಲಾಗ್ ಫೈಲ್ ತೆರೆದು ನೋಡುವ ಹಾಗೆ ಅವರು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಾರೆ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಕಾಫಿಪುಡಿ ಬಣ್ಣಕ್ಕಿದ್ದರೆ ಮುಟ್ಟಬೇಡ. ಇಂಜಿನ್ ಓಡುವಾಗ ಗಾಳಿ ಎಳೆಯುವ ಬಾಯಿಗೆ ಅಂಗೈ ಅರ್ಧ ಅಡ್ಡ ಹಿಡೀತಾರೆ. ಆಗ ಗಾಡಿ ಚುರುಕಾದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಜೆಟ್ ಕಟ್ಟಿರಬೇಕು, ಇಲ್ಲ ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ಜೋಡಣೆ ಬಿರುಕು ಬಿಟ್ಟು ಕಳ್ಳಗಾಳಿ ನುಗ್ಗುತ್ತಿರಬೇಕು. ಸ್ಲೋ ನಿಲ್ಲದಿದ್ದರೆ ಸಣ್ಣ ಜೆಟ್ ನೋಡು, ಅರ್ಧ ತಿರುಚಿದಾಗ ತಡವರಿಸಿದರೆ ನೀಡಲ್ ನೋಡು, ಪೂರ್ತಿ ತಿರುಚಿದಾಗ ಕೈಕೊಟ್ಟರೆ ಮೇನ್ ಜೆಟ್ ನೋಡು. ಇದೆಲ್ಲ ಅವರು ಹೇಳಿಕೊಡುವುದಿಲ್ಲ. ಕೇಳಿದರೆ ‘ಸೌಂಡಲ್ಲೇ ಗೊತ್ತಾಯ್ತದೆ’ ಅಂತಾರೆ, ಮುಗೀತು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ತುಂಬಿಸಿ, ಮುಚ್ಚಿ, ಮರೆತುಬಿಡಿ ಅನ್ನೋ ಅರ್ಥದ ಜಾಹೀರಾತು ಬಂದದ್ದು ಅದಕ್ಕೇ. ಮೇಸ್ತ್ರಿಯನ್ನೂ ಮರೆಯಬಹುದು ಅಂತ ಅದರೊಳಗೆ ಒಂದು ಗುಟ್ಟಿತ್ತೇನೋ. ಫ್ಯೂಯಲ್ ಇಂಜೆಕ್ಷನ್ ಮಾತ್ರ ನಮ್ಮ ಬೈಕುಗಳಿಗೆ ನಿಧಾನಕ್ಕೆ ಬಂತು. 2006ರಲ್ಲಿ ಗ್ಲಾಮರ್‌ನ ಒಂದು ಮಾದರಿಗೆ, 2007ರಲ್ಲಿ ಪಲ್ಸರ್ 220ಕ್ಕೆ ಬಂತು. ಆ ಪಲ್ಸರ್ 2009ರಲ್ಲಿ ಬೆಲೆ ಇಳಿಸಿಕೊಂಡು ಮತ್ತೆ ಕಾರ್ಬೊರೇಟರ್‌ಗೇ ಮರಳಿತ್ತು! ಕೊನೆಗೆ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಯಾದ ಮೇಲೆ ಶೋರೂಮಿನ ಬಹುತೇಕ ಹೊಸ ಬೈಕುಗಳಿಂದ ಕಾರ್ಬೊರೇಟರ್ ಹೊರಟುಹೋಯಿತು. ಸೈಲೆನ್ಸರ್ ದಾರಿಯಲ್ಲಿ ಕೂತ ಆಕ್ಸಿಜನ್ ಸೆನ್ಸಾರ್ ಈಗ ಪ್ಲಗ್ಗಿನ ಬಣ್ಣ ನೋಡುವ ಕೆಲಸ ಮಾಡುತ್ತೆ. ಹೊಗೆ ಕಮ್ಮಿಯಾಗಿದೆ, ಅದರಲ್ಲಿ ನನಗೆ ತಕರಾರಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನಾ ನಿಲ್ಲೋನು ತಕರಾರು ಮಾಡಲೂಬಾರದು.

ಹಳೇ ಗಾಡಿಗಳಿಗೆ ಬಂದಿರೋ ಹೊಸ ಕಷ್ಟ ಬೇರೆ. 2023ರ ಫೆಬ್ರವರಿ 6ರಂದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಕಬ್ಬಿನಿಂದಲೂ ಬರುತ್ತೆ, ನಾವು ಕಬ್ಬು ಬೆಳೆಯೋರು, ಹಾಗಾಗಿ ಬೈಯೋಕೂ ಬಾಯಿ ಬರಲ್ಲ. ಆದರೆ ಎಥನಾಲ್ ಗಾಳಿಯಲ್ಲಿರೋ ನೀರಿನ ಪಸೆ ಹೀರಿಕೊಳ್ಳುತ್ತೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ತಳಕ್ಕಿಳಿದು ಲೋಹ ತಿನ್ನುತ್ತೆ, ಹಳೇ ರಬ್ಬರ್ ಉಬ್ಬುತ್ತೆ. ನಾನು ಕಂಡ ಹಸಿರುಬಿಳಿ ಗಸಿ ಅದೇ ಇರಬೇಕು, ಮಳೆಗಾಲವೆಲ್ಲ ಟ್ಯಾಂಕ್ ತುಂಬಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದೆ. ಇನ್ನೊಂದು, ಎಥನಾಲ್ ಉರಿಯೋಕೆ ಪೆಟ್ರೋಲಿಗಿಂತ ಕಮ್ಮಿ ಗಾಳಿ ಸಾಕು, ಒಂದು ಗ್ರಾಂಗೆ ಒಂಬತ್ತೇ ಗ್ರಾಂ. ಅಂದರೆ ಹಳೇ ಜೆಟ್ಟಿನಲ್ಲಿ ಹೊಸ ಪೆಟ್ರೋಲ್ ಹಾಕಿದರೆ ಲೆಕ್ಕದಲ್ಲಿ ಗಾಳಿ ಹೆಚ್ಚಾಯ್ತು. ಸೆನ್ಸಾರ್ ಇರೋ ಗಾಡಿ ತಾನೇ ಸರಿಮಾಡಿಕೊಳ್ಳುತ್ತೆ. ಜಿಕೋವ್‌ಗೆ ಯಾರಾದರೂ ಹೇಳಬೇಕು.

ಹಬ್ಬಕ್ಕೆ ಒಂದು ವಾರ ಇದೆ ಅನ್ನುವಾಗ ಸೋತು ಮೇಸ್ತ್ರಿ ಹತ್ತಿರ ಹೋದೆ. ಅಪ್ಪನ ಕಾಲದವರು, ನಾನು ಮಾವ ಅಂತಲೇ ಕರೆಯೋದು. ಅಂಗಡಿಯಲ್ಲಿ ಈಗ ಮಗ ಕೂರುತ್ತಾನೆ, ಸ್ಕ್ಯಾನರ್ ಇಟ್ಟುಕೊಂಡು ಹೊಸ ಗಾಡಿ ನೋಡುತ್ತಾನೆ. ಮಾವ ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದರು. ನಾನು ಮೂರು ವಾರದ ಕಥೆ ಶುರುಮಾಡಿದೆ. ಅರ್ಧಕ್ಕೇ ತಡೆದು ಕೇಳಿದರು:

‘ನಿಂತಾಗ ಟ್ಯಾಂಕಿನ ಮುಚ್ಳ ತೆಗ್ದು ನೋಡಿದ್ಯಾ?’

‘ಇಲ್ಲ ಮಾವ. ಕಾರ್ಬೇಟ್ರು ಬಿಚ್ಚಿದ್ದೆ.’

‘ಯಾಕ್ ಬಿಚ್ಚುದ್ಯಪ್ಪ ಅದ್ನ?’

ಉತ್ತರ ಇರಲಿಲ್ಲ. ಅವರೇ ಗಾಡಿ ಹತ್ತಿದರು, ನಾನು ಹಿಂದೆ ಕೂತೆ. ಸರಿಯಾಗಿ ನಾಲ್ಕನೇ ಕಿಲೋಮೀಟರಿಗೆ ನಿಂತಿತು. ಮಾವ ಕೂತಲ್ಲೇ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ ಅಂತ ಗಾಳಿ ಒಳಗೆ ಎಳೆದ ಶಬ್ದ. ಒಂದು ನಿಮಿಷ ಬಿಟ್ಟು ಕಿಕ್ ಹೊಡೆದರು, ಸ್ಟಾರ್ಟ್.

ಮುಚ್ಚಳದಲ್ಲಿ ಗಾಳಿ ಒಳಗೆ ಹೋಗೋಕೆ ಸೂಜಿಮೊನೆಯಷ್ಟು ತೂತಿರುತ್ತೆ. ಪೆಟ್ರೋಲ್ ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ, ಬಾಯಿ ಮುಚ್ಚಿದ ಕ್ಯಾನಿನ ತಳದಲ್ಲಿ ತೂತು ಮಾಡಿದರೂ ಎಣ್ಣೆ ಸುರಿಯದೆ ನಿಲ್ಲುತ್ತಲ್ಲ, ಹಾಗೇ ಪೆಟ್ರೋಲ್ ಇಳಿಯೋದು ನಿಂತುಹೋಗುತ್ತೆ. ಹೋದ ವರ್ಷ ಟ್ಯಾಂಕಿಗೆ ಪೇಂಟ್ ಹೊಡೆಸಿದಾಗ ಮುಚ್ಚಳಕ್ಕೆ ಹೊಸ ರಬ್ಬರ್ ವಾಷರ್ ಕತ್ತರಿಸಿ ಹಾಕಿದ್ದು ನಾನೇ. ದಪ್ಪನೆ ರಬ್ಬರು, ಲೀಕ್ ಆಗಬಾರದು ಅಂತ. ಅದು ಆ ತೂತಿನ ಮೇಲೇ ಕೂತಿತ್ತು.

ಮಾವ ಪ್ಲಗ್ ಬಿಚ್ಚಿದರು, ಕರ್ರಗೆ ಮಸಿ. ‘ಪೆಟ್ರೋಲ್ ಸಿಕ್ದೆ ನಿಲ್ಲೋ ಗಾಡಿ ಪ್ಲಗ್ಗು ಬೆಳ್ಳುಗಿರ್ಬೇಕಿತ್ತು ಕಣಪ್ಪ. ಜೆಟ್ಗೆ ಏನ್ ತೂರ್ಸಿದೆ?’ ಸೂಜಿ ಅಂದೆ. ನಗಲಿಲ್ಲ. ಹಿತ್ತಾಳೆಗೆ ಉಕ್ಕು ತೂರಿಸಿದರೆ ತೂತು ದೊಡ್ಡದಾಗುತ್ತೆ, ವೈರಿನ ತಾಮ್ರದ ಒಂದೆಳೆ ಹಾಕಬೇಕು, ಅದೂ ಊದಿ ಹೋಗದಿದ್ದರೆ ಮಾತ್ರ ಅಂದರು. ಅಂದರೆ ಗಾಡಿಗಿದ್ದದ್ದು ಒಂದು ರೋಗ, ನಾನು ಔಷಧಿ ಅಂತ ಇನ್ನೊಂದು ಅಂಟಿಸಿದ್ದೆ, ಎರಡನೆಯದು ಮೊದಲನೆಯದರ ಗುರುತನ್ನೂ ಅಳಿಸಿತ್ತು. ಆಫೀಸಿನಲ್ಲಿ ಹೀಗೆ ಮಾಡುವ ಜೂನಿಯರ್‌ಗಳಿಗೆ ನಾನು ಏನೇನು ಹೇಳಿದ್ದೀನಿ ಅಂತ ಇಲ್ಲಿ ಬರೆಯಲ್ಲ.

ಜೆಟ್ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಸಿಕ್ಕಿತು. ಕಂಪನಿ ಹೇಳಿದ ನಂಬರಿಗಿಂತ ಒಂದು ನಂಬರ್ ದೊಡ್ಡದೇ ತಾ ಅಂತ ಮಾವ ಹೇಳಿ ಕಳಿಸಿದ್ದರು. ಎಥನಾಲ್, ಒಂಬತ್ತು ಗ್ರಾಂ ಲೆಕ್ಕ ಅವರಿಗೆ ಯಾರೂ ಹೇಳಿರಲಿಲ್ಲ. ‘ಈಗಿನ್ ಪೆಟ್ರೋಲ್ಗೆ ಹಳೇ ನಂಬರ್ ಹಾಕುದ್ರೆ ಇಂಜಿನ್ ಸುಡ್ತದೆ, ಪ್ಲಗ್ಗು ಬೆಳ್ಳುಗ್ ಬತ್ತದೆ’ ಅಂದರಷ್ಟೇ. ಆ ಮಾತನ್ನು ಫೋನಿನಲ್ಲಿ ಬರೆದುಕೊಂಡೆ. ಮಗನಿಗೆ ಇದೆಲ್ಲ ಹೇಳಿಕೊಟ್ಟಿದ್ದೀರಾ ಅಂತ ಕೇಳಿದ್ದಕ್ಕೆ, ‘ಅವುನ್ ಹತ್ರ ಇಂಥ ಗಾಡಿ ಬಂದ್ರೆ ತಾನೆ’ ಅಂದರು.

ಕೂರಿಸಿ, ಓಡಿಸಿ, ಕಿವಿಗೊಟ್ಟು ಗಾಳಿ ಸ್ಕ್ರೂ ಅರ್ಧ ಸುತ್ತು ಆಚೆ, ಕಾಲು ಸುತ್ತು ಈಚೆ ಮಾಡಿ, ವಾಷರ್‌ಗೆ ಬಿಸಿ ಮೊಳೆಯಿಂದ ತೂತು ಹಾಕಿ ಕೊಟ್ಟರು. ಕೂಲಿ ಅಂತ ಇನ್ನೂರು ಕೊಡಲು ಹೋದರೆ ನೂರು ವಾಪಸ್ ಇಟ್ಟರು.

ಹಬ್ಬದ ಹಿಂದಿನ ದಿನ ಅಪ್ಪ ಒಬ್ಬರೇ ಗಾಡಿ ತೆಗೆದುಕೊಂಡು ಪಾಂಡವಪುರಕ್ಕೆ ಹೋಗಿ ಬಾಗಿನದ ಸಾಮಾನು ತಂದರು. ಬೆಂಗಳೂರಿನವರು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ‘ಇಲ್ಲ ಸ್ವಾಮಿ, ಹುಡುಗ ಕೊಡಬ್ಯಾಡ ಅಂತವ್ನೆ’ ಅಂದರು. ನಾನು ಏನೂ ಅಂದಿರಲಿಲ್ಲ.